ಮೃದಂಗದ ಮೇಷ್ಟ್ರು ಮತ್ತು ಅಧಿಕಪ್ರಸಂಗಿ

ಅವರ ಎಡಗೈ ಉಗುರುಗಳ ಸಂದಿಯಲ್ಲಿ ಸದಾ ಒಣಗಿದ ರವೆ ಇರುತ್ತಿತ್ತು. ಹೊಸದಾಗಿ ನೋಡಿದವರು ಈ ಮನುಷ್ಯ ಉಪ್ಪಿಟ್ಟು ತಿಂದು ಕೈ ತೊಳೆದಿಲ್ಲ ಅಂದುಕೊಳ್ಳುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಮೃದಂಗದ ಎಡಮುಖಕ್ಕೆ ಗುಮ್ಮೆನ್ನುವ ದನಿ ಬರಲೆಂದು ನೀರಿನಲ್ಲಿ ಕಲಸಿದ ರವೆ ಮೆತ್ತುತ್ತಾರೆ, ನುಡಿಸಿದ ಮೇಲೆ ಕೆರೆದು ತೆಗೆಯುತ್ತಾರೆ ಎಂಬುದು ನನಗೆ ತಿಳಿದದ್ದು ರಾಜಾಜಿನಗರದ ಅವರ ಮನೆಯ ಮಹಡಿ ಕೋಣೆಗೆ ಬಾಡಿಗೆಗೆ ಬಂದ ಮೇಲೆ. ಎಷ್ಟು ತೊಳೆದರೂ ಒಂದಿಷ್ಟು ರವೆ ಉಗುರಿನಲ್ಲಿ ಉಳಿದೇ ಉಳಿಯುತ್ತಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದೆ, ಮದುವೆಯಾಗಿರಲಿಲ್ಲ. ಕೆಳಗಡೆ ಮೇಷ್ಟ್ರು ಮತ್ತು ಅವರ ಹೆಂಡತಿ. ಬೆಳಿಗ್ಗೆ ಸಂಜೆ ಪಾಠ. ಮೇಷ್ಟ್ರಿಗೆ ಅರವತ್ತರ ಹತ್ತಿರ ವಯಸ್ಸು, ಕಡ್ಡಿಯಂಥ ದೇಹ, ಮೂಗಿನ ತುದಿಯಲ್ಲೇ ಕೋಪ. ಶಿಷ್ಯರಿಗೆ ಬಯ್ಯುವುದು ಮಹಡಿಗೆ ಒಂದಕ್ಷರ ಬಿಡದೆ ಕೇಳುತ್ತಿತ್ತು. "ತಾಳ ಅಂದ್ರೆ ಬಾಡಿಗೆ ಮನೆ ಅಲ್ಲ ಕಣೋ, ಬೇಕಾದಾಗ ಬಿಟ್ಟು ಹೋಗೋಕೆ" ಎನ್ನುತ್ತಿದ್ದರು. ಬಾಡಿಗೆಗಿದ್ದ ನನಗೆ ಅದು ಪ್ರತಿ ಸಲವೂ ಚುರುಕ್ ಎನ್ನುತ್ತಿತ್ತು.

ಆದರೆ ಅವರ ಬಾಯಲ್ಲಿ ಎಲ್ಲಕ್ಕಿಂತ ದೊಡ್ಡ ಬೈಗುಳ 'ಅಧಿಕಪ್ರಸಂಗಿ'. ಹಾಡುವವರು ಹಾಡುತ್ತಿದ್ದರೆ ಪಕ್ಕವಾದ್ಯದವನು ಅವರ ಹಿಂದೆ ಹಿಂದೆ ಹೋಗಬೇಕು, ಮಧ್ಯೆ ಬಾಯಿ ಹಾಕಬಾರದು. ಬಾಯಿ ಹಾಕಿದವನು ಅಧಿಕಪ್ರಸಂಗಿ. ಆ ಮಾತು ಬಿತ್ತೆಂದರೆ ಆ ಶಿಷ್ಯನಿಗೆ ಅವತ್ತಿನ ಪಾಠ ಮುಗಿದ ಹಾಗೆ.

ನನ್ನ ಹತ್ತಿರ ಇದ್ದದ್ದು ಒಂದೇ ಒಂದು ರೆಕಾರ್ಡು. ನಮ್ಮ ಕಾರ್ಖಾನೆಯ ಆಂಗ್ಲೋ ಇಂಡಿಯನ್ ಸೂಪರ್‌ವೈಸರ್ ನಿವೃತ್ತರಾಗುವಾಗ, ಬ್ಯಾಟರಿಯಲ್ಲಿ ಓಡುವ ಸೂಟ್‌ಕೇಸಿನಂಥ ಪ್ಲೇಯರ್ ಜೊತೆ ಅದನ್ನೂ ನನ್ನ ಕೈಗಿಟ್ಟಿದ್ದರು. "ಇದು ಜಾಝ್. ಇದರಲ್ಲಿ ಹಾರ್ಡ್ ಬಾಪ್ ಅಂತ ಒಂದು ಜಾತಿ, ಖಾರ ಸ್ವಲ್ಪ ಜಾಸ್ತಿ. ಗೊತ್ತಿರೋ ಜನ ಈ ರೆಕಾರ್ಡಿಗೆ ಪೂಜೆ ಮಾಡ್ತಾರೆ" ಎಂದಿದ್ದರು. ಟ್ರಂಪೆಟ್, ಸ್ಯಾಕ್ಸೋಫೋನ್, ಪಿಯಾನೋ, ಬೇಸ್, ಡ್ರಮ್ಸು, ಒಟ್ಟು ಐದು ಜನ. ಭಾನುವಾರ ಬೆಳಿಗ್ಗೆ ಕಾರ್ಖಾನೆಯ ಇಬ್ಬರು ಗೆಳೆಯರು ಬರುತ್ತಿದ್ದರು. ಮೂವರೂ ಚಾಪೆ ಮೇಲೆ ಕೂತು ಕಣ್ಣು ಮುಚ್ಚಿ ತಲೆದೂಗುತ್ತಿದ್ದೆವು. ಸತ್ಯ ಹೇಳಬೇಕೆಂದರೆ ಅದರ ತಲೆಬುಡ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದವರ ಹಾಗೆ ಕೂರುವುದರಲ್ಲೇ ಒಂದು ಸುಖವಿತ್ತು.

ಒಂದು ಭಾನುವಾರ ಮೇಷ್ಟ್ರು ಬರಿ ಮೈಮೇಲೆ ಟವೆಲ್ ಹಾಕಿಕೊಂಡು ಧಡಧಡ ಮಹಡಿ ಹತ್ತಿ ಬಂದರು. ಕೋಣೆ ಕೈತಪ್ಪಿತು ಎಂದುಕೊಂಡು ನಾನು ತಕ್ಷಣ ಮುಳ್ಳು ಎತ್ತಿಬಿಟ್ಟೆ.

"ಯಾಕಯ್ಯ ನಿಲ್ಲಿಸಿದೆ? ಹಾಕು" ಎಂದು ಅವರು ಚಕ್ಕಳಮಕ್ಕಳ ಹಾಕಿ ಕೂತರು. ಬಲಗೈ ತಾನಾಗಿ ತೊಡೆಯ ಮೇಲೆ ತಾಳ ಹಾಕತೊಡಗಿತು. ಐದು ನಿಮಿಷ ಕೇಳಿರಬೇಕು. ಮುಖ ಕೆಂಪಾಯಿತು. "ಈ ಡೋಲು ಬಡಿಯೋನಿಗೆ ಯಾರೂ ಬುದ್ಧಿ ಹೇಳಲಿಲ್ವಾ? ಆ ಕಹಳೆ ಊದೋನು ಪಾಪ ಏನೋ ಹೇಳೋಕೆ ಹೊರಟಿದಾನೆ. ಇವನು ಮಧ್ಯೆ ಮಧ್ಯೆ ಡಬ್ ಡಬ್ ಅಂತಾನೆ. ಶುದ್ಧ ಅಧಿಕಪ್ರಸಂಗಿ."

ಗೆಳೆಯರು ನಕ್ಕರು. ಮೇಷ್ಟ್ರು ನಗಲಿಲ್ಲ. ಮುಂದಿನ ಭಾನುವಾರ ಹಳೆಯ ಕ್ಯಾಲೆಂಡರಿನ ಹಾಳೆ, ಪೆನ್ಸಿಲು ಹಿಡಿದುಕೊಂಡು ಬಂದರು. ಆ ಡ್ರಮ್ಮರನ ತಪ್ಪುಗಳನ್ನೆಲ್ಲ ಪಟ್ಟಿ ಮಾಡಿಯೇ ತೀರುವುದು ಅಂತ ಹಟ. ಎಲ್ಲೋ ಸಮುದ್ರದಾಚೆ ಇರುವ, ಇವರು ಹೆಸರೂ ಕೇಳಿರದ ಒಬ್ಬ ಮನುಷ್ಯನನ್ನು ರಾಜಾಜಿನಗರದಲ್ಲಿ ಕೂತು ಪರೀಕ್ಷೆಯಲ್ಲಿ ಫೇಲು ಮಾಡಲು ಹೊರಟಿದ್ದರು. ಆದರೆ ಅವರು ಕೇಳುವ ರೀತಿ ನೋಡಿ ನನಗೆ ನಾಚಿಕೆಯಾಯಿತು. ನಾವು ತಿಂಗಳುಗಟ್ಟಲೆ ತಲೆ ಅಲ್ಲಾಡಿಸಿದ್ದೇ ಬಂತು. ಅವರು ಎರಡನೇ ದಿನವೇ ಲೆಕ್ಕ ಹಿಡಿದಿದ್ದರು. "ನಾಲ್ಕರ ಎಣಿಕೆ, ಹನ್ನೆರಡು ಸಲ. ನಲವತ್ತೆಂಟಕ್ಕೆ ಒಂದು ಸುತ್ತು. ಸುತ್ತು ಮುಗಿದ ಮೇಲೆ ಐದು ಜನಾನೂ ಒಟ್ಟಿಗೆ ಅದೇ ಜಾಗಕ್ಕೆ ಬರ್ತಾರೆ. ಇಷ್ಟು ದಿನ ಕೇಳ್ತಾ ಇದೀರಲ್ಲ, ಇದು ಗೊತ್ತಿತ್ತಾ ನಿಮಗೆ?"

ಗೊತ್ತಿರಲಿಲ್ಲ. ಮೂವರೂ ಚಾಪೆಯ ಅಂಚು ನೋಡಿದೆವು.

ನಾಲ್ಕನೆಯದೋ ಐದನೆಯದೋ ಭಾನುವಾರ. ಬೇಸ್ ನುಡಿಸುವವನ ಸರದಿ ಬಂತು. ಅದು ದೊಡ್ಡ ಪಿಟೀಲಿನಂಥ ವಾದ್ಯ, ತಗ್ಗಿದ ದನಿ. ಮೇಷ್ಟ್ರ ಪೆನ್ಸಿಲು ನಿಂತಿತು. "ಇಲ್ಲಿ ಯಾಕೆ ಅವನು ಸುಮ್ಮನಿದಾನೆ?" ಕೇಳಿದರೆ ಹೌದು, ಅಷ್ಟು ಹೊತ್ತು ಅಬ್ಬರಿಸಿದ ಡ್ರಮ್ಮರು ತಾಳದ ಬಿಲ್ಲೆಯನ್ನು ಸುಮ್ಮನೆ ಚಿನ್ ಚಿನ್ ಎನಿಸುತ್ತಿದ್ದಾನೆ, ಅಷ್ಟೇ. ಮತ್ತೆ ಹಾಕು ಎಂದರು. ಮತ್ತೆ. ಇನ್ನೊಂದು ಸಲ. ಆಮೇಲೆ ಟ್ರಂಪೆಟಿನ ಭಾಗ ಹಾಕಿಸಿ ಕೇಳಿದರು. ಕೇಳುತ್ತಾ ಕೇಳುತ್ತಾ ಅವರ ಮುಖ ಇಳಿದುಹೋಯಿತು.

"ಇವನು ಹೊಡೆದ ಮೇಲೇ ಕಹಳೆಯವನು ಮೇಲಕ್ಕೆ ಏರ್ತಾನೆ ಕಣಯ್ಯ. ಹೊಡೀದೆ ಇದ್ದಿದ್ರೆ ಕೂತಲ್ಲೇ ಕೂತಿರ್ತಿದ್ದ. ಬೇಸಿನವನಿಗೆ ಜಾಗ ಬೇಕು ಅಂದ್ರೆ ಇವನೇ ಸರಿದು ಬಿಡ್ತಾನೆ. ಸುಮ್ಮನಿರೋಕೆ ಗೊತ್ತಿರೋನು ಅಧಿಕಪ್ರಸಂಗಿ ಹೆಂಗಾಗ್ತಾನೆ?"

ಹಾಳೆಯನ್ನು ನಾಲ್ಕಾಗಿ ಮಡಚಿದರು. ಮೇಷ್ಟ್ರು ತಮ್ಮದು ತಪ್ಪು ಎಂದು ಒಪ್ಪಿಕೊಳ್ಳಬಹುದು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅವರು ಗೋಡೆ ನೋಡುತ್ತಾ ಮಾತು ಮುಂದುವರಿಸಿದರು.

ಹನ್ನೊಂದು ವರ್ಷದ ಹಿಂದೆ ಅವರಿಗೊಬ್ಬ ಶಿಷ್ಯನಿದ್ದ. ಅಂಥ ಕೈ ಇನ್ನೊಂದು ಬರಲಿಲ್ಲ ಎಂದರು. ರಾಮನವಮಿ ಪೆಂಡಾಲಿನಲ್ಲಿ ದೊಡ್ಡ ಹಾಡುಗಾರರೊಬ್ಬರಿಗೆ ಅವನ ಪಕ್ಕವಾದ್ಯ. ಅವರು ಸ್ವರ ಹಾಕುವಾಗ ಇವನು ನಡುವೆ ಒಂದೊಂದು ಪೆಟ್ಟು ಕೊಟ್ಟ. ಹಾಡುಗಾರರು ಹುಬ್ಬು ಗಂಟಿಕ್ಕಿದರು. "ನಾನು ಎದುರಿಗೇ ಕೂತಿದ್ದೆ. ಎದ್ದು ವೇದಿಕೆ ಹತ್ತಿದೆ. ಅವನ ತೊಡೆ ಮೇಲಿಂದ ಮೃದಂಗ ತಗೊಂಡೆ. ಕೆಳಗಿಳಿಯೋ ಅಧಿಕಪ್ರಸಂಗಿ ಅಂದೆ. ಇಳಿದ. ಉಳಿದ ಕಛೇರಿ ನಾನೇ ನುಡಿಸಿದೆ."

"ಜನರ ಎದುರಿಗಾ ಸಾರ್?"

"ಪೆಂಡಾಲು ತುಂಬಿತ್ತು." ಹಾಳೆಯನ್ನು ಇನ್ನೊಮ್ಮೆ ಮಡಚಿ, "ಪಿಟೀಲಿನವರ ಸರದಿ ಬಂದಾಗ ಅವನೂ ಹೀಗೇ ಸುಮ್ಮನಾಗ್ತಿದ್ದ ಕಣಯ್ಯ. ನಾನು ಅದನ್ನ ಕೇಳಿಸ್ಕೊಳ್ಳಲೇ ಇಲ್ಲ" ಎಂದರು.

ಆ ಶಿಷ್ಯ ಮತ್ತೆ ಪಾಠಕ್ಕೆ ಬರಲಿಲ್ಲ. ಕಾಮಾಕ್ಷಿಪಾಳ್ಯದ ಯಾವುದೋ ವರ್ಕ್‌ಶಾಪಿನಲ್ಲಿದ್ದಾನೆ ಎಂದು ಮೇಷ್ಟ್ರಿಗೆ ಗೊತ್ತಿತ್ತು. ನಮ್ಮ ಮನೆಯಿಂದ ನಡೆದರೆ ಮುಕ್ಕಾಲು ಗಂಟೆಯ ದಾರಿ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಆ ಕಡೆ ಹೋಗಿರಲಿಲ್ಲ. "ಮುಂದಿನ ಭಾನುವಾರ ಈ ಪೆಟ್ಟಿಗೆ ತಗೊಂಡು ನನ್ನ ಜೊತೆ ಬರ್ತೀಯಾ? ಅವನಿಗೆ ಇದನ್ನ ಕೇಳಿಸ್ಬೇಕು. ಕೇಳಿಸಿ ತಪ್ಪಾಯ್ತು ಅನ್ಬೇಕು" ಎಂದರು. ಗುರು ಹೋಗಿ ಶಿಷ್ಯನ ಕ್ಷಮೆ ಕೇಳುವುದೆಂದರೆ ಆ ಮನೆಯಲ್ಲಿ ಊಹೆಗೂ ಮೀರಿದ ಮಾತು. ಅವರ ಹೆಂಡತಿ ಮೆಟ್ಟಿಲ ಬಳಿ ನನ್ನನ್ನು ತಡೆದು ಪಿಸುದನಿಯಲ್ಲಿ ಕೇಳಿದರು: "ಅವರಾಗೇ ಅಂದ್ರಾ? ನೀವೇನೂ ಹೇಳಿಕೊಡ್ಲಿಲ್ವಾ?"

ಮಾಗಡಿ ರಸ್ತೆಯಲ್ಲಿ ಬಸ್ ಇಳಿದು ಕೇಳುತ್ತಾ ಹೋದೆವು. ತಗಡಿನ ಶೆಡ್ಡಿನ ಹಿಂದೆ ಒಂದು ಚಿಕ್ಕ ಮನೆ. ಶಿಷ್ಯ ಲುಂಗಿ ಉಟ್ಟು ಹೊರಗೆ ಬಂದ. ಮೂವತ್ತು ದಾಟಿದ, ಸೌಮ್ಯ ಮುಖದ ಮನುಷ್ಯ. ಗುರುಗಳನ್ನು ನೋಡಿ ಕ್ಷಣಹೊತ್ತು ನಿಂತೇಬಿಟ್ಟ. ಆಮೇಲೆ ಬಗ್ಗಿ ಕಾಲು ಮುಟ್ಟಿ, ಎದ್ದು ಕೈ ಮುಗಿದ. ಆಗ ಕಂಡಿತು. ಅವನ ಬಲಗೈಯಲ್ಲಿ ತೋರುಬೆರಳು, ನಡುಬೆರಳು ಎರಡೂ ಇರಲಿಲ್ಲ.

ಮೃದಂಗದ ಬಗ್ಗೆ ಏನೂ ತಿಳಿಯದ ನನಗೂ ಆ ಎರಡು ಬೆರಳಿಲ್ಲದಿದ್ದರೆ ಏನೂ ಇಲ್ಲ ಎಂದು ತಿಳಿದಿತ್ತು. ಮೇಷ್ಟ್ರು ಆ ಕೈಯನ್ನೇ ನೋಡುತ್ತಾ, "ಏನೋ ಇದು?" ಎಂದರು.

"ತಗಡು ಒತ್ತೋ ಪ್ರೆಸ್ಸಲ್ಲಿ ಸಿಕ್ಕೊಳ್ತು ಗುರುಗಳೇ. ಮೂರು ವರ್ಷ ಆಯ್ತು. ಈಗ ಮಷೀನಿಗೆ ಹೋಗಲ್ಲ. ತಗಡಿನ ಬಿಲ್ಲೆ ಆರಿಸಿ ಡಬ್ಬಕ್ಕೆ ತುಂಬ್ತೀನಿ. ಬನ್ನಿ ಒಳಗೆ, ಕಾಫಿ ಕುಡಿಯೋರಂತೆ" ಎಂದ. ಬಸ್ಸು ತಡವಾಯಿತು ಎನ್ನುವಷ್ಟೇ ಸಹಜವಾಗಿ ಹೇಳಿದ.

ಒಳಗೆ ಕೂತ ಮೇಲೆ ಮೇಷ್ಟ್ರು ನನಗೆ ಕಣ್ಣಲ್ಲೇ ಪೆಟ್ಟಿಗೆ ತೆರೆಯಬೇಡ ಎಂದರು. ಅಷ್ಟರಲ್ಲಿ ಅವನು ನನ್ನ ತೊಡೆಯ ಮೇಲಿನ ಪ್ಲೇಯರ್ ನೋಡಿ, "ಅದೇನ್ ಸಾರ್?" ಎಂದ. ನಾನು ಮುಠ್ಠಾಳ, ಬಾಯಿ ಬಿಟ್ಟೆ: "ಹಾಡಿನ ಪೆಟ್ಟಿಗೆ. ಮೇಷ್ಟ್ರು ನಿಮಗೆ ಕೇಳಿಸೋಕೆ ತಂದಿದಾರೆ." ಇವತ್ತಿಗೂ ಆ ಕ್ಷಣ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಅವನು ಸಂಭ್ರಮದಿಂದ ಮುಂದೆ ಸರಿದು ಕೂತ. ಇನ್ನು ಹಿಂದೆ ಹೋಗುವ ಹಾಗಿರಲಿಲ್ಲ. ಹಾಕಿದೆ.

ಮೊದಲ ಸುತ್ತು ಸುಮ್ಮನೆ ಕೇಳಿದ. ಟ್ರಂಪೆಟಿನ ನಡುವೆ ಡ್ರಮ್ಮರನ ಮೊದಲ ಪೆಟ್ಟು ಬಿದ್ದಾಗ ಅವನ ಮುಖ ಅರಳಿತು. ಎರಡನೇ ಸುತ್ತಿಗೆ ಎಡಗೈ ಮಂಡಿಯ ಮೇಲೆ ಬಂತು. ಮೂರನೆಯದರಲ್ಲಿ ಡ್ರಮ್ಮರು ಹೊಡೆದ ಗಳಿಗೆಗೇ ಅವನೂ ಮಂಡಿಗೆ ಹೊಡೆದ. ಮತ್ತೊಂದು ಕಡೆಯೂ ಹಾಗೇ. ಜೀವನದಲ್ಲಿ ಮೊದಲ ಸಲ ಕೇಳುತ್ತಿರುವವನಿಗೆ ಪೆಟ್ಟು ಬೀಳುವ ಜಾಗ ಮುಂಚೆಯೇ ಗೊತ್ತಾಗುತ್ತಿತ್ತು. ಮೇಷ್ಟ್ರು ರೆಕಾರ್ಡು ಕೇಳುತ್ತಿರಲಿಲ್ಲ, ಅವನ ಎಡಗೈಯನ್ನೇ ನೋಡುತ್ತಿದ್ದರು. ಅವನು ಗಟ್ಟಿಯಾಗಿ ನಕ್ಕು, ಎಳ್ಳಷ್ಟೂ ಕಹಿಯಿಲ್ಲದೆ, ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ:

"ಇವನನ್ನ ಯಾರೂ ಕೆಳಗಿಳಿಸಲಿಲ್ವಾ ಗುರುಗಳೇ?"

ಮೇಷ್ಟ್ರು ಎದ್ದರು. ಹೊರಗೆ ನಡೆದರು. ಕಾಫಿ ಮುಟ್ಟಿರಲಿಲ್ಲ, ಚಪ್ಪಲಿ ಹಾಕಿರಲಿಲ್ಲ. ನಾನು ಒಂದು ಕೈಯಲ್ಲಿ ಪ್ಲೇಯರು, ಇನ್ನೊಂದರಲ್ಲಿ ಅವರ ಚಪ್ಪಲಿ ಹಿಡಿದು ಮಾಗಡಿ ರಸ್ತೆಯವರೆಗೂ ಓಡಿದೆ. ಬಸ್ ಸ್ಟಾಪಿನಲ್ಲಿ ಅವರು, "ತಪ್ಪಾಯ್ತು ಅನ್ನೋಕೆ ಹೋಗಿದ್ದೆ. ಅಂದೆನಾ?" ಎಂದು ಕೇಳಿದರು.

"ಇಲ್ಲ ಸಾರ್."

"ಹೆಂಗೆ ಅನ್ಲಯ್ಯ, ಆ ಕೈ ನೋಡಿದ ಮೇಲೆ?" ಎಂದರು.

ಅದಾದ ಮೇಲೆ ಅವರು ಮಹಡಿಗೆ ಬರುವುದನ್ನೇ ನಿಲ್ಲಿಸಿದರು. ಭಾನುವಾರ ತಿಂಡಿಯಾದ ಕೂಡಲೇ ಶರ್ಟು ಹಾಕಿಕೊಂಡು ಹೊರಟುಬಿಡುತ್ತಿದ್ದರು. ಯಾವುದೋ ದೇವಸ್ಥಾನಕ್ಕೆ ಹೋಗ್ತಾರೆ ಎಂದು ಅವರ ಹೆಂಡತಿ ಹೇಳಿದರು. ನನ್ನ ಬಾಯಿಂದಲೇ ಎಲ್ಲ ಕೆಟ್ಟಿತು, ಅದಕ್ಕೇ ನನ್ನ ಮುಖ ನೋಡುವುದಿಲ್ಲ ಎಂದು ನಾನು ಕೊರಗಿದೆ. ಸ್ವಲ್ಪ ಸಿಟ್ಟೂ ಬಂತು. ಕೆಳಗೆ ಪಾಠ ಮಾತ್ರ ಎಂದಿನಂತೆ ನಡೆಯಿತು. 'ಅಧಿಕಪ್ರಸಂಗಿ' ಎಂಬ ಮಾತು ಮತ್ತೆ ಕೇಳಲಿಲ್ಲ.

ಎರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ, ಪಾಠ ಶುರುವಾಗುವ ಮೊದಲೇ, ಮೇಷ್ಟ್ರು ಕೂತಲ್ಲೇ ಕುಸಿದು ಹೋದರು. ಸುದ್ದಿ ಹೇಗೆ ತಲುಪಿತೋ, ಕಾಮಾಕ್ಷಿಪಾಳ್ಯದಿಂದ ಆ ಶಿಷ್ಯ ಎಲ್ಲರಿಗಿಂತ ಮೊದಲು ಬಂದ. ಹೆಗಲು ಕೊಟ್ಟ. ಎಲ್ಲ ಮುಗಿಸಿ ಬಂದ ಮೇಲೆ ಕಾಂಪೌಂಡಿನ ಪಕ್ಕ ಇಬ್ಬರೇ ನಿಂತಿದ್ದೆವು.

"ಇನ್ನು ಭಾನುವಾರ ಬಂದ್ರೆ ಏನು ಮಾಡ್ಬೇಕೋ ಗೊತ್ತಾಗಲ್ಲ ಸಾರ್" ಎಂದ.

"ಯಾಕೆ?"

"ಭಾನುವಾರ ನಮ್ಮನೆಗೆ ಪಾಠಕ್ಕೆ ಬರ್ತಿದ್ರಲ್ಲ."

"ನಿಮ್ಮ ಮಕ್ಕಳಿಗೆ ಹೇಳಿಕೊಡೋಕಾ?"

"ಇಲ್ಲ ಸಾರ್. ನನ್ನ ಹತ್ರ ಕಲಿಯೋಕೆ."

ಅವನು ನೆಲ ನೋಡುತ್ತಾ ಹೇಳಿದ. ತಾನು ಸ್ವರ ಹಾಡುವುದು, ಮೇಷ್ಟ್ರು ವರ್ಕ್‌ಶಾಪಿನ ಮರದ ಪೆಟ್ಟಿಗೆಯ ಮೇಲೆ ನುಡಿಸುವುದು, ಎಲ್ಲಿ ಬಾಯಿ ಹಾಕಬೇಕು ಎಂದು ತಾನು ತೋರಿಸಿಕೊಡುವುದು. "ತಪ್ಪಾಯ್ತು ಅಂತ ಒಂದು ದಿನಾನೂ ಅನ್ನಲಿಲ್ಲ. ಮೊದಲನೇ ದಿನ ಬಂದೋರೇ ಪೆಟ್ಟಿಗೆ ಮುಂದೆ ಕೂತ್ಕೊಂಡು, ಹೇಳಿಕೊಡು ಅಂದ್ರು. ನಾನು ಅತ್ತುಬಿಟ್ಟೆ ಸಾರ್."

"ಕಲಿತ್ರಾ?" ಎಂದು ಕೇಳಿದೆ.

"ಎಲ್ಲಿ ಸಾರ್. ಆ ಜಾಗ ಹತ್ರ ಬರ್ತಿದ್ದ ಹಾಗೇ ಕೈ ಮೇಲೆತ್ತಿ, 'ಈಗ ಹೊಡೀಲೇನೋ?' ಅಂತ ನನ್ನ ಕೇಳೋರು. ನಾನು ಹ್ಞೂಂ ಅನ್ನೋ ಅಷ್ಟರಲ್ಲಿ ಅದು ದಾಟಿ ಹೋಗಿರ್ತಿತ್ತು."