ಎದುರುಮನೆ ತಾತನ ತಟ್ಟೆ ಸದ್ದು

ಪಾತ್ರೆ ಅಂಗಡಿಗೆ ಹಾಕೋಣವೆಂದು ಮೊನ್ನೆ ಹಳೆಯ ಸ್ಟೀಲ್ ಸಾಮಾನು ಆರಿಸುತ್ತಿದ್ದೆ. ನಡುವೆ ನೆಗ್ಗಿಹೋದ ಊಟದ ತಟ್ಟೆಯೊಂದು ಕೈಗೆ ಬಂತು. ಅಮ್ಮ ಬಂದವಳೇ ಅದನ್ನು ಕಿತ್ತುಕೊಂಡಳು. ಆ ನೆಗ್ಗು ನೋಡಿದ್ದೇ ಎದುರುಮನೆ ತಾತ ನೆನಪಾದರು...

ಚಿನ್ನದ ಗಣಿಯ ಊರು ಉರಿಗಾಂನಲ್ಲಿ ನಮ್ಮ ಕಾರ್ಮಿಕರ ಲೈನ್ ಮನೆಗಳ ಹಿಂದೆಯೇ ಸಯನೈಡ್ ಗುಡ್ಡ, ಚಿನ್ನ ತೆಗೆದು ಬಿಸಾಡಿದ ಬೂದು ಮಣ್ಣಿನ ರಾಶಿ. ಬೇಸಿಗೆಯಲ್ಲಿ ಅದರ ಧೂಳು ಅನ್ನಕ್ಕೂ ಬೀಳುತ್ತಿತ್ತು, ನಮಗದು ರೂಢಿ. ಗಣಿಯಲ್ಲಿ ದುಡಿದಿದ್ದ ತಾತನಿಗೆ ಹೆದರಿಕೆಯಿದ್ದದ್ದು ನೀರಿನದು. "ಮಳೆ ಈಗ ಮೊದ್ಲಿನಂಗಿಲ್ಲ ಕಣಮ್ಮ. ತಿಂಗಳ ಮಳೆ ಒಂದೇ ಮದ್ಯಾನ ಸುರೀತದೆ. ಗುಡ್ಡ ಜಾರಿದ್ರೆ ಎಲ್ಲಿಗ್ ಓಗ್ತೀರಾ?" ಎಂದು ಮನೆಮನೆಗೂ ಹೋಗಿ ತಲೆ ತಿನ್ನುತ್ತಿದ್ದರು. ಮುದುಕನಿಗೆ ಬೇರೆ ಕೆಲಸವಿಲ್ಲ ಎಂದು ನಾವು ನಗುತ್ತಿದ್ದೆವು.

ಒಂದು ದಿನ ಗುಜರಿಯಿಂದ ಕೈಯಲ್ಲಿ ತಿರುಗಿಸುವ ಸೈರನ್ ತಂದರು. ಅದು ಕೂಗಿದರೆ ಎಲ್ಲರೂ ದಿಣ್ಣೆ ಮೇಲಿನ ಶಾಲೆಗೆ ಹೋಗಬೇಕೆಂದು ಹೇಳಿ, ಅಭ್ಯಾಸಕ್ಕೆಂದು ತಿರುಗಿಸಿದರು. ನಾವು ಶಾಲೆ ಕಡೆ ಹೊರಟೆವು. ಅಮ್ಮ ಮತ್ತು ಅವಳ ವಾರಿಗೆಯ ಹೆಂಗಸರು ಮಾತ್ರ ಗುಡ್ಡದ ಬುಡದಲ್ಲಿದ್ದ, ಗಣಿಗೆ ಇಳಿಯುವ ಶಾಫ್ಟ್ ಕಡೆ ಓಡಿದರು! ಗಣಿ ನಡೆಯುತ್ತಿದ್ದಾಗ ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಕೂಗಿದರೆ ಒಳಗೆ ಅಪಘಾತವೆಂದೇ ಅರ್ಥ. ಗಂಡ ಮೇಲೆ ಬಂದನೇ ಎಂದು ನೋಡಲು ಓಡುತ್ತಿದ್ದರು. ಈಗ ಗಣಿ ಮುಚ್ಚಿ, ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು... ಬೀಗ ಹಾಕಿದ ಗೇಟು ಹಿಡಿದು ಅಮ್ಮ ಏದುಸಿರು ಬಿಡುತ್ತಿದ್ದಳು.

ತಾತ ಬಂದು ಅವಳ ಪಕ್ಕದಲ್ಲೇ ನೆಲಕ್ಕೆ ಕುಸಿದು ಕೂತರು. "ತಪ್ಪು ನಂದು ತಾಯಿ. ಈ ಸದ್ದು ಬ್ಯಾಡ."

ಅಂದೇ ಸೈರನ್ ಗುಜರಿಗೆ ವಾಪಸಾಯಿತು. ಗಣಿಯ ನೆನಪು ತರದ ಸದ್ದೊಂದು ಬೇಕಿತ್ತು. ತಾತ ಆರಿಸಿದ್ದು ಊಟದ ತಟ್ಟೆ ಮತ್ತು ಸೌಟು. ಅವರು ಬಡಿದರೆ ನಮ್ಮ ಮನೆಯವರು ಬಡಿಯಬೇಕು, ಅದು ಕೇಳಿ ಪಕ್ಕದವರು. ಹೀಗೆ ಬಡಿಯುತ್ತಲೇ ಎಲ್ಲರೂ ಶಾಲೆಗೆ ಹತ್ತಬೇಕು. ಪ್ರತಿ ಭಾನುವಾರ ಇದೇ ಗಲಾಟೆ. ಅಮ್ಮನ ತಟ್ಟೆ ನೆಗ್ಗಿದ್ದು ಹಾಗೆ.

ಆ ಮಳೆ ಬಂದ ಮಧ್ಯಾಹ್ನ ನಾನು ಬಂಗಾರಪೇಟೆಯಲ್ಲಿ ಕೆಲಸದಲ್ಲಿದ್ದೆ. ಅಮ್ಮ ಒಬ್ಬಳೇ ಮನೆಯಲ್ಲಿ. ಫೋನ್ ಹೋಗಲಿಲ್ಲ, ಮಾರಿಕುಪ್ಪಂ ರೈಲು ಹೊರಡುವುದೂ ತಡವಾಯಿತು. ಸಂಜೆ ಬಂದು ನೋಡಿದರೆ ಮನೆಯೊಳಗೆ ಮಂಚದೆತ್ತರಕ್ಕೆ ಬೂದು ಕೆಸರು. ಎದ್ದೂ ಬಿದ್ದೂ ಶಾಲೆಗೆ ಹತ್ತಿದೆ.

ಅಮ್ಮ ಅದೇ ತಟ್ಟೆಯಲ್ಲಿ ಚಿತ್ರಾನ್ನ ತಿನ್ನುತ್ತಿದ್ದಳು! "ಬಂದ್ಯಾ? ಏನಾದ್ರೂ ಉಂಡ್ಯೇನೇ?" ಅಂದಳು. ಅವಳ ಭುಜಕ್ಕೆ ತಲೆಯಿಟ್ಟು ಅತ್ತುಬಿಟ್ಟೆ. ಅಷ್ಟು ನಿರಾಳ ನನಗೆ ಮತ್ತೆಂದೂ ಆಗಿಲ್ಲ. ಇಡೀ ಲೈನು ಅಲ್ಲಿತ್ತು. ತಾತ ಬಾಗಿಲಲ್ಲಿ ನಿಂತು ಮತ್ತೊಮ್ಮೆ ತಲೆ ಎಣಿಸುತ್ತಿದ್ದರು.

ಹೋದ ವರ್ಷ ಅವರು ಹೋಗಿಬಿಟ್ಟರು. ಎದೆ ತುಂಬ ಗಣಿ ಧೂಳು... ನಕ್ಕಿದ್ದಕ್ಕೆ ತಪ್ಪಾಯಿತೆಂದು ನಾನು ಕೊನೆಗೂ ಹೇಳಲಿಲ್ಲ. ಆ ಕೊರಗು ಈಗಲೂ ಇದೆ.

ಕಿತ್ತುಕೊಂಡ ತಟ್ಟೆಯನ್ನು ಅಮ್ಮ ಸೆರಗಿನಲ್ಲಿ ಒರೆಸಿ, ಸೌಟಿನ ಸಮೇತ ಬಾಗಿಲ ಪಕ್ಕದ ಗೂಡಿನಲ್ಲಿಟ್ಟಳು. ಹೊರಗೆ ಮೋಡ ಕಟ್ಟಿತ್ತು. ಬೀಗ ಬಿದ್ದ ಎದುರುಮನೆಯನ್ನು ಸ್ವಲ್ಪ ಹೊತ್ತು ನೋಡಿ ಹೇಳಿದಳು:

"ಇನ್ಮೇಲೆ ಮೊದ್ಲು ನಾವೇ ಬಡೀಬೇಕು ಕಣೇ."