ನಕ್ಷೆಯ ಆಚೆ ಬದಿಯಲ್ಲಿ ಕೂತವರು

ಸರ್ ಅವರ ಬಲಗಣ್ಣಿನ ಸುತ್ತ ಸದಾ ಒಂದು ಕೆಂಪು ಗೆರೆ ಇರುತ್ತಿತ್ತು, ಬಳೆ ಒತ್ತಿ ತೆಗೆದ ಹಾಗೆ. ಭೂತಗನ್ನಡಿಯನ್ನು ಕಣ್ಣಿಗೇ ಆನಿಸಿ ನೋಡುತ್ತಿದ್ದುದರ ಗುರುತು ಅದು. ಜೋಗೇಶ್ವರಿಯ ಇಂಡಸ್ಟ್ರಿಯಲ್ ಎಸ್ಟೇಟ್ ಒಂದರಲ್ಲಿ ನಮ್ಮ ಆಫೀಸು. ಕೆಳಗೆ ಪ್ಲಾಸ್ಟಿಕ್ ಡಬ್ಬಿ ಮಾಡುವ ಯಂತ್ರದ ಸದ್ದು. ಮೇಲೆ ನಾವು, ಉಪಗ್ರಹ ತೆಗೆದ ಚಿತ್ರಗಳನ್ನು ನೋಡಿ ರಾಜಸ್ಥಾನದ ಮರಳುದಿಬ್ಬಗಳ ನಕ್ಷೆ ಮಾಡುವವರು.

ಎಲ್ಲರೂ ಸ್ಕ್ರೀನಿನಲ್ಲಿ ನೋಡಿದರೆ, ಸರ್ ಚಿತ್ರವನ್ನು ಕಾಗದದ ಮೇಲೆ ಪ್ರಿಂಟ್ ಮಾಡಿಸಿ, ಅದು ತಲೆಕೆಳಗಾಗಿ ಕಾಣುವ ಬದಿಗೆ ಹೋಗಿ ಕೂರುತ್ತಿದ್ದರು. ಬೆನ್ನ ಹಿಂದೆ ಅವರಿಗೆ 'ಉಲ್ಟಾ ಸಾಹೇಬ' ಎಂದೇ ಹೆಸರು. ಹೊಸದರಲ್ಲಿ ನಾನೂ ನಕ್ಕಿದ್ದೆ.

"ಲೋಕಲ್ ರೈಲಿನಾಗಂತೂ ಬೇಕಾದ ಕಡೆ ಕುಂಡ್ರಾಕ ಸಿಗಂಗಿಲ್ಲ, ಇಲ್ಲೆರ ಕುಂಡ್ರತೀನಿ ಬಿಡು," ಎಂದಿದ್ದರು ತಮ್ಮ ಧಾರವಾಡದ ಧಾಟಿಯಲ್ಲಿ. "ನೋಡು ತಂಗಿ, ನಮ್ಮಲ್ಲಿ ಬಿಸಿಲು ದಕ್ಷಿಣದಿಂದ ಬೀಳತದ. ನೆರಳು ಚಿತ್ರದ ಮ್ಯಾಲಿನ ಕಡೆ ಹೋಗತದ. ಕಣ್ಣು ಮಾತ್ರ ಬೆಳಕು ಮ್ಯಾಲಿಂದ ಬರತದ ಅಂತ ತಿಳಕೋತದ. ಸೀದಾ ಇಟ್ಟು ನೋಡಿದಿ ಅಂದ್ರ ದಿಬ್ಬ ತಗ್ಗು ಕಾಣತದ, ತಗ್ಗು ದಿಬ್ಬ ಕಾಣತದ."

ಮಕ್ಕಳು ಒಂದು ಹಂತಕ್ಕೆ ಬಂದ ಮೇಲೆ ಕೆಲಸಕ್ಕೆ ಸೇರಿದವಳು ನಾನು. ಆರು ತಿಂಗಳಾದ ಮೇಲೆ ಕಾಯಂ ಮಾಡುವುದೋ ಬೇಡವೋ ಎಂದು ಸರ್ ಬರೆದು ಕೊಡಬೇಕಿತ್ತು. ಆರನೇ ತಿಂಗಳಲ್ಲಿ ಅವರು ಕಣ್ಣಿನ ಪೊರೆ ತೆಗೆಸಲು ರಜೆ ಹಾಕಿದರು. ಆ ವಾರವೇ ರಾಜಸ್ಥಾನದ ಇಂಜಿನಿಯರೊಬ್ಬರು, ಹಳ್ಳಿಯೊಂದಕ್ಕೆ ನೀರಿನ ಟ್ಯಾಂಕರ್ ಹೋಗುವ ರಸ್ತೆಯ ನಕ್ಷೆ ಅವಸರವಾಗಿ ಬೇಕೆಂದರು. ದಿಬ್ಬಗಳ ನಡುವಿನ ಗಟ್ಟಿ ನೆಲದಲ್ಲಿ ರಸ್ತೆ ಹಾಯಿಸಬೇಕು. ನಾನು ಸ್ಕ್ರೀನಿನಲ್ಲೇ ನೋಡಿ ಗೆರೆ ಎಳೆದು ಕಳಿಸಿಬಿಟ್ಟೆ.

ಸರ್ ಕಪ್ಪು ಕನ್ನಡಕ ಹಾಕಿಕೊಂಡು ವಾಪಸು ಬಂದವರು, ಟಿಫಿನ್ ಡಬ್ಬಿ ಕೆಳಗಿಡುವ ಮೊದಲೇ ಆ ನಕ್ಷೆ ಕೇಳಿದರು. ಆಚೆ ಬದಿಗೆ ಕೂತು ನನ್ನ ಗೆರೆಯ ಮೇಲೆ ಬೆರಳು ಸರಿಸಿದರು.

"ತಂಗಿ, ಈ ಕಡೆ ಬಾ. ನಿನ್ನ ರಸ್ತಾ ಎಲ್ಲಿ ಹೊಂಟದ ನೋಡು."

ದಿಬ್ಬದ ನೆತ್ತಿಯ ಮೇಲೇ ಹೊರಟಿತ್ತು. ಗಾಳಿಗೆ ಮರಳು ಜರಿಯುವ ಜಾಗ. ಟ್ಯಾಂಕರಿನ ಗಾಲಿ ಹೂತು ನಿಲ್ಲುವ ಜಾಗ.

"ನೀವ ಫೋನ್ ಮಾಡಿ ಹೇಳ್ರಿ ಸರ್," ಎಂದೆ.

"ಗೆರಿ ಎಳದಾಕಿ ಯಾರು? ನೀನ ಮಾಡು. ನಾ ಇಲ್ಲೇ ನಿಂತಿರತೀನಿ."

"ನನ್ನ ನೌಕರಿ ಹೋಗತದರಿ."

"ಅದು ಆಮ್ಯಾಲಿನ ಮಾತು. ಮೊದಲು ನಂಬರ್ ಒತ್ತು."

ಅಲ್ಲಿನ ಇಂಜಿನಿಯರಿಗೆ ಹಿಂದಿಯಲ್ಲಿ ತೊದಲುತ್ತ ಹೇಳಿದೆ. ಅವರು ಚೆನ್ನಾಗಿ ಬೈದರು. ಆಮೇಲೆ, ಜೆಸಿಬಿ ನಾಳೆಯೇ ಹೊರಡುವುದಿತ್ತು, ನಿಲ್ಲಿಸುತ್ತೇನೆ ಎಂದರು. ಅಷ್ಟು ಹೊತ್ತೂ ಸರ್ ಪಕ್ಕದಲ್ಲಿ ನಿಂತು, ಕಣ್ಣಿಗೆ ಬಿಡುವ ಔಷಧದ ಬಾಟಲಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದರು.

ತಿಂಗಳ ಕೊನೆಗೆ ಅವರು ಬರೆದುಕೊಟ್ಟ ಕಾಗದ ಕಣ್ಣಿಗೆ ಬಿತ್ತು. ತಪ್ಪು ಮಾಡಿದ್ದಾಳೆ ಎಂದು ಮುಚ್ಚಿಡದೆ ಬರೆದಿದ್ದರು. ಗೊತ್ತಾದ ದಿನವೇ ತಾನೇ ತಿಳಿಸಿದ್ದಾಳೆ, ಕಾಯಂ ಮಾಡಿ ಎಂದೂ ಬರೆದಿದ್ದರು.

ಆಮೇಲೆ, ನನ್ನ ತಪ್ಪು ನಾನೇ ಹೇಳಿಕೊಳ್ಳುವ ಅಂಥ ಫೋನನ್ನು ಇನ್ನೆರಡು ಸಲ ಮಾಡಿದ್ದೇನೆ. ಎರಡನೆಯದು, ಹೋದ ಮಳೆಗಾಲದಲ್ಲಿ ಸರ್ ತೀರಿಕೊಂಡ ಮರುವಾರ. ಪಕ್ಕದಲ್ಲಿ ಯಾರೂ ಇರಲಿಲ್ಲ. ಮಾತು ಮುಗಿಸಿ, ನಕ್ಷೆ ತಿದ್ದಲು ಕೂತೆ.