ತಂಗಡಿ ಬಣ್ಣದ ಕೈ

ಗಯಾಬಾಯಿಯ ಎರಡೂ ಅಂಗೈ ಕೆಂಗಂದು ಬಣ್ಣದವು. ಹೊಸಬರು ನೋಡಿದರೆ ಮದರಂಗಿ ಹಚ್ಚಿಕೊಂಡಿದ್ದಾಳೆ, ಈ ವಯಸ್ಸಿನಲ್ಲಿ ಎಷ್ಟು ಶೋಕಿ ಎಂದುಕೊಳ್ಳಬೇಕು. ಅದು ಮದರಂಗಿಯಲ್ಲ, ತಂಗಡಿ ಗಿಡದ ತೊಗಟೆಯ ರಸ. ಬಸವಕಲ್ಯಾಣದ ಕೆರೆ ದಂಡೆಯ ನಮ್ಮ ಭೋಯಿ ಓಣಿಯಲ್ಲಿ ಮೀನು ಹಿಡಿಯುವವರು ಬಹಳ ಮಂದಿ ಇದ್ದರು. ಬಲೆ ಉಳಿಸುವವಳು ಮಾತ್ರ ಅವಳೊಬ್ಬಳೇ.

ಕಲ್ಯಾಣಿ ಎನ್ನುತ್ತಿದ್ದ ಊರು ಬಸವಕಲ್ಯಾಣವಾದ ವರ್ಷ ಅವಳು ದಿಗಂಬರನ ಹೆಂಡತಿಯಾಗಿ ಬಂದಳು. ಆಗೆಲ್ಲ ಹತ್ತಿ ನೂಲಿನ ಬಲೆ. ಹತ್ತಿ ಬಲೆಯ ಚಾಕರಿ ಬಾಣಂತನಕ್ಕಿಂತ ಹೆಚ್ಚು. ನೀರಿನಿಂದ ತೆಗೆದ ಕೂಡಲೇ ಪಾಚಿ, ಲೋಳೆ ತೊಳೆದು ಬಿಡಿಸಿ ಒಣಹಾಕದಿದ್ದರೆ ಕೊಳೆತು ಚೂರುಚೂರಾಗಿ ಕೈಗೆ ಬರುತ್ತದೆ. ಅಮಾವಾಸ್ಯೆಯ ದಿನ ಯಾರೂ ಕೆರೆಗೆ ಇಳಿಯುತ್ತಿರಲಿಲ್ಲ. ಅಂದು ಎಲ್ಲ ಮನೆಯ ಬಲೆಗಳೂ ಗಯಾಬಾಯಿಯ ಅಂಗಳಕ್ಕೆ ಬರುತ್ತಿದ್ದವು. ಅವಳು ತಾಮ್ರದ ಹಂಡೆಯಲ್ಲಿ ತೊಗಟೆ ಕುದಿಸಿ, ಬಲೆ ಮುಳುಗಿಸಿ, ನೀರು ಇಂಗುವವರೆಗೆ ಕೆಂಡದ ಮೇಲೆ ಬಿಡುತ್ತಿದ್ದಳು. ಹಾಗೆ ರಸ ಕುಡಿದ ನೂಲು ಬೇಗ ಕೊಳೆಯುವುದಿಲ್ಲ, ನೀರಿನಲ್ಲಿ ಮೀನಿನ ಕಣ್ಣಿಗೂ ಬೀಳುವುದಿಲ್ಲ.

"ಬಲಿ ತೊಳೀದವ ಮಾರಿ ತೊಳ್ಕೊಂಡ್ರ ಏನು ಬಂತು?" ಎಂದು ಗಂಡಸರನ್ನು ಗದರುತ್ತಿದ್ದಳು. ಗದರುವಾಗ ಅಂಗೈ ಎತ್ತಿ ತೋರಿಸುವುದು ಅವಳ ಚಟ. ದಿಗಂಬರ ಸತ್ತ ಮೇಲೂ ಅವಳ ಹಿರಿತನಕ್ಕೆ ಏನೂ ಕುಂದು ಬರಲಿಲ್ಲ.

ಒಬ್ಬಳೇ ಮಗಳು ಮುಕ್ತಾಬಾಯಿ. ಅವಳನ್ನು ಹುಮನಾಬಾದ ಕಡೆಯ ದೇವಿಂದ್ರಪ್ಪನಿಗೆ ಕೊಟ್ಟು ಅವನನ್ನು ಮನೆಅಳಿಯ ಮಾಡಿಕೊಂಡಳು. ಅಳಿಯ, ಮನೆ ತೊಳಿಯ ಎಂದು ಓಣಿಯವರು ಚೇಷ್ಟೆ ಮಾಡಿದರೆ ಅವನು ನಗುತ್ತಿದ್ದ. "ಮನಿ ಅಲ್ರಿ, ಬಲಿ ತೊಳೀಲಾಕ ಬಂದೀನಿ" ಎನ್ನುತ್ತಿದ್ದ. ಅತ್ತೆಯ ಮುಂದೆ ದನಿ ಎತ್ತಿದವನಲ್ಲ.

ಎಪ್ಪತ್ತರ ದಶಕದ ನಡುವೆ ಓಣಿಯವರೆಲ್ಲ ಕೂಡಿ ಒಂದು ನೈಲಾನ್ ಬಲೆ ತರಿಸಿದರು. ಹೈದರಾಬಾದಿಗೆ ಹೋಗಿ ತಂದವನು ದೇವಿಂದ್ರಪ್ಪನೇ. ಕೆರೆಯ ಆಳಕ್ಕೆ ಮುಟ್ಟುವ ಬಲೆ ಅದೊಂದೇ. ಮಳೆಗಾಲ ಮುಗಿದ ಮೇಲೆ ಎಲ್ಲರ ಒಲೆ ಉರಿಯಬೇಕಾದದ್ದು ಅದರಿಂದಲೇ.

"ಅತ್ತಿ, ಇದಕ್ಕ ಹಂಡೆ ಬ್ಯಾಡ್ರಿ. ತಣ್ಣೀರಾಗ ತೊಳದು ನೆರಳಾಗ ಹಾಕಿದ್ರ ಸಾಕಂತ ಅಂಗಡಿಯವ ಹೇಳ್ಯಾನ" ಎಂದ.

ಗಯಾಬಾಯಿಗೆ ಆ ಮಾತು ಚುಚ್ಚಿತು. ಹಂಡೆ ಬೇಡದ ಬಲೆ ಬಂದರೆ ಗಯಾಬಾಯಿಯಾದರೂ ಯಾಕೆ ಬೇಕು? ಹಾಗೆಂದು ಬಾಯಿಬಿಟ್ಟು ಹೇಳಲು ಅವಳ ಜಂಬ ಬಿಡಲಿಲ್ಲ.

"ಇಷ್ಟು ಬೆಳ್ಳಗಿದ್ರ ಮೀನಿಗಿ ಕಾಣ್ತದ. ಅಂಗಡಿಯವಗ ನಮ್ಮ ಕೆರಿ ಗೊತ್ತದೇನು?" ಎಂದಳು.

ಮುಂದಿನ ಅಮಾವಾಸ್ಯೆಗೆ ಗಂಡಸರು ನಾರಾಯಣಪುರಕ್ಕೆ ಒಂದು ತಿಥಿಯ ಊಟಕ್ಕೆ ಹೋಗಿದ್ದರು. ಗಯಾಬಾಯಿ ಹೊಸ ಬಲೆಯನ್ನು ಹಂಡೆಗೆ ಹಾಕಿದಳು. ಹತ್ತಿಗೆ ಕಾದಂತೆಯೇ ಕಾದಳು, ನೀರು ಇಂಗಲು ಬಿಟ್ಟಳು. ಕೂದಲು ಸುಟ್ಟ ವಾಸನೆ ನಮ್ಮ ಮನೆಯವರೆಗೂ ಬಂತು. ನಮ್ಮದು ಪಕ್ಕದ ಮನೆ. ನನ್ನ ಅವ್ವ ಸಖುಬಾಯಿ ಓಡಿಹೋಗಿ ನೋಡಿದರೆ, ಗಯಾಬಾಯಿ ಬರಿಗೈಯಲ್ಲಿ ಬಲೆ ಎಳೆಯುತ್ತಿದ್ದಳು. ತಳದ ಭಾಗ ಹತ್ತಿಹೋದ ಬೆಲ್ಲದ ಪಾಕದಂತೆ ಹಂಡೆಗೆ ಅಂಟಿತ್ತು. ಮೇಲಿನದು ಮುದುಡಿ ಬಿರುಸಾಗಿ, ಬಲೆಯ ಕಣ್ಣುಗಳಲ್ಲಿ ಬೆರಳು ತೂರುತ್ತಿರಲಿಲ್ಲ.

ಸಂಜೆ ಓಣಿಯ ಹಿರಿಯ ನರಸಿಂಗ ಎಲ್ಲರನ್ನೂ ಕರೆದುಕೊಂಡು ಅಂಗಳಕ್ಕೆ ಬಂದ. ಬಲೆ ನೋಡಿದ. ಅವಳ ಮುಖ ನೋಡಲಿಲ್ಲ.

"ಇದನ್ನ ಕುದಿಸಂತ ಯಾರು ಹೇಳ್ಯಾರ?" ಎಂದು ಕೇಳಿದ.

ಗಯಾಬಾಯಿ ಬಾಯಿ ತೆರೆಯುವಷ್ಟರಲ್ಲಿ ದೇವಿಂದ್ರಪ್ಪ ಮುಂದೆ ಬಂದ. "ನಾನೇ ಹೇಳೀನ್ರಿ. ಅತ್ತೀದು ಏನೂ ತಪ್ಪಿಲ್ಲ."

ತೆರೆದ ಬಾಯಿ ಹಾಗೆಯೇ ಮುಚ್ಚಿತು. ಅಲ್ಲ, ಅವಳೇ ಮುಚ್ಚಿಕೊಂಡಳು. ಬಲೆ ಸುಟ್ಟದ್ದು ತಪ್ಪು, ಅದು ಯಾರಿಗೂ ಆಗುವಂಥದ್ದು. ಅವಳನ್ನು ಸಾಯುವವರೆಗೆ ತಿಂದದ್ದು ಈ ಮುಚ್ಚಿದ ಬಾಯಿ.

ದೇವಿಂದ್ರಪ್ಪ ಇನ್ನು ಬಲೆ ಮುಟ್ಟಬಾರದು, ತೆಪ್ಪ ಹತ್ತಬಾರದು ಎಂದು ಅಲ್ಲೇ ತೀರ್ಮಾನವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹಂಡೆ ಬೇಡವೆಂದು ಗಂಡ ಹೇಳಿದ್ದನ್ನು ಮುಕ್ತಾಬಾಯಿ ಕಿವಿಯಾರೆ ಕೇಳಿದ್ದಳು. ತಾಯಿಯನ್ನು ಒಮ್ಮೆ ನೋಡಿದಳು, ಗಂಟು ಕಟ್ಟಿದಳು. ಇಬ್ಬರೂ ಹುಮನಾಬಾದಿಗೆ ಹೋದರು. ಕೆರೆಯಲ್ಲಿ ಬಲೆ ಬೀಸಿದ ಅವನ ಕೈ ಅಲ್ಲಿ ಅಡತಿ ಅಂಗಡಿಯ ಕಾಳಿನ ಚೀಲ ಹೊರತೊಡಗಿತು.

ಅಂದಿನಿಂದ ಗಯಾಬಾಯಿ ಕೈಯನ್ನು ಸೆರಗಿನಡಿ ಇಟ್ಟುಕೊಂಡೇ ಓಡಾಡಿದಳು. ಬೂದಿ, ಹುಣಸೆಹುಳಿ ಹಾಕಿ ತಿಕ್ಕಿದರೂ ಬಣ್ಣ ಹೋಗಲಿಲ್ಲ. ಓಣಿಯವರೋ ಮೊದಲಿಗಿಂತ ಹೆಚ್ಚು ಮರ್ಯಾದೆ ಕೊಡತೊಡಗಿದರು. ಬಾವಿಯ ಹತ್ತಿರ ಹೆಂಗಸರು ಸರಿದು ದಾರಿ ಬಿಟ್ಟರೆ, ಅವಳು ಖಾಲಿ ಕೊಡ ಹೊತ್ತು ಮನೆಗೆ ಬಂದುಬಿಡುತ್ತಿದ್ದಳು. ಇದಕ್ಕಿಂತ ಉಗಿದಿದ್ದರೆ ಚೆನ್ನಾಗಿತ್ತು ಎಂದು ಅವ್ವನ ಮುಂದೆ ಅತ್ತಿದ್ದಳಂತೆ.

ಮತ್ತೆ ಅಮಾವಾಸ್ಯೆ ಬಂತು. ಹಳೆಯ ಹತ್ತಿ ಬಲೆಗಳನ್ನು ಹೊತ್ತು ಎಲ್ಲರೂ ಬಂದರು. ಅಂಗಳದಲ್ಲಿ ಹಂಡೆ ಬೋರಲು ಬಿದ್ದಿತ್ತು. ನಮ್ಮಲ್ಲಿ ಮನೆಯಲ್ಲಿ ಸಾವಾದರೆ ಮಾತ್ರ ಹಂಡೆ ಬೋರಲು ಹಾಕುತ್ತಾರೆ.

"ದೇವಿಂದ್ರಪ್ಪ ಹೇಳಿದ್ದಿಲ್ಲ," ಎಂದಳು ಗಯಾಬಾಯಿ. "ಬ್ಯಾಡ ಅಂದಿದ್ದ. ನಾನೇ ಸೊಕ್ಕಿಲೆ ಕುದಿಸೀನಿ. ಅವ ಸುಳ್ಳು ಹೇಳಾಕತ್ತಾಗ ಸುಮ್ನ ನಿಂತೀನಿ."

ಯಾರೂ ಬೆಚ್ಚಲಿಲ್ಲ. ಅದನ್ನು ನೋಡಿ ಬೆಚ್ಚಿದವಳು ಅವಳೇ.

ನರಸಿಂಗ ಹೆಗಲ ಬಲೆಯನ್ನು ಕೆಳಗಿಟ್ಟ. "ಗೊತ್ತದ ಅಕ್ಕ. ಬಲಿ ತಂದ ದಿನ ಅವ ನಿಮಗ ಹಂಡೆ ಬ್ಯಾಡ ಅಂದದ್ದು ನಾವೆಲ್ಲ ಬೇಲಿ ಆಚಿ ನಿಂತು ಕೇಳೀವಿ."

"ಗೊತ್ತಿದ್ದೂ ಅವನಿಗ್ಯಾಕ ಕಳಿಸಿದ್ರಿ?"

"ನಿಮಗ ಹ್ಯಾಂಗ ಅನ್ಲಿ? ಅವ ಹೊರಗಿನವ."

ನಮ್ಮ ಓಣಿಯ ಮರ್ಯಾದೆ ಇಂಥದ್ದು. ಹಿರಿಯರ ಮುಖ ಉಳಿಸಲು ಹೊರಗಿನವನ ಬೆನ್ನು ಬೇಕು. ಬಲೆಗಳನ್ನು ಅಲ್ಲೇ ಬಿಟ್ಟು ಗಯಾಬಾಯಿ ಹುಮನಾಬಾದಿನ ಬಸ್ಸು ಹತ್ತಿದಳು. ಜೊತೆಗೆ ಅವ್ವ ಹೋದಳು.

ದೇವಿಂದ್ರಪ್ಪ ಚೀಲ ಇಳಿಸಿ, ಮೈ ಒರೆಸಿಕೊಂಡು ಅತ್ತೆಯ ಕಾಲು ಮುಟ್ಟಿದ. ಅವಳು ಅಂಗಡಿಯ ಮಂದಿಯ ಎದುರಿಗೇ ಎಲ್ಲ ಹೇಳಿದಳು.

"ನಡಿಯಪ್ಪಾ, ಮನಿಗಿ ನಡಿ. ಎಲ್ಲಾರ ಮುಂದ ಒಪ್ಕೊಂಡೀನಿ. ಅವರಿಗೂ ಮೊದಲೇ ಗೊತ್ತಿತ್ತಂತ."

ಅಲ್ಲಿಯವರೆಗೆ ಅವನು ನಗುತ್ತಲೇ ಇದ್ದ. ಕೊನೆಯ ಮಾತಿಗೆ ನಗು ನಿಂತಿತು.

"ಎಲ್ಲಾರಿಗೂ ಗೊತ್ತಿತ್ತೇನ್ರಿ?"

"ಹೂಂ."

ಅವನು ಇಳಿಸಿದ ಚೀಲದ ಮೇಲೆ ಕೂತ. "ನನ್ನ ಮಾತು ನಂಬಿ ಕಳಿಸ್ಯಾರ ಅನ್ಕೊಂಡಿದ್ದೆ ಅತ್ತಿ. ನಂಬಿದ್ರ ಇವತ್ತಲ್ಲ ನಾಳಿ ಬರ್ತಿದ್ದೆ. ಗೊತ್ತಿದ್ದೂ ಕಳಿಸ್ಯಾರ ಅಂದ್ರ ಅವರ ನಡುವ ಹ್ಯಾಂಗ ಕೂಡ್ಲಿ?"

ಮಗಳು ಊಟಕ್ಕೆ ಹಾಕಿದಳು. ಗಯಾಬಾಯಿ ಉಂಡು ತಿರುಗಿ ಬಂದಳು.

ಹಂಡೆ ಮತ್ತೆ ಒಲೆ ಏರಲಿಲ್ಲ. ಓಣಿಗೆಲ್ಲ ನೈಲಾನ್ ಬಲೆ ಬಂದವು. ಅವನ್ನು ಅವಳು ತಣ್ಣೀರಿನಲ್ಲಿ ತೊಳೆದು ಬೇವಿನ ನೆರಳಿಗೆ ಹಾಕುತ್ತಿದ್ದಳು. ಕೆಲವೇ ವರ್ಷಗಳಲ್ಲಿ ಅಂಗೈಯ ಬಣ್ಣ ಪೂರಾ ಹೋಯಿತು. ಎದುರಿಗೆ ಯಾರಾದರೂ ಬಂದರೆ ಕೈಯನ್ನು ಸೆರಗಿನಡಿ ಎಳೆದುಕೊಳ್ಳುವುದನ್ನು ಮಾತ್ರ ಅವಳು ಕೊನೆಯವರೆಗೂ ಬಿಡಲಿಲ್ಲ.